ಸಂಬಂಧ ಅನ್ನುವ ಖಾನೆ

ನಮ್ಮ ಡ್ರೈವಿಂಗ್ ಮೇಷ್ಟ್ರ ಪಾದ ಬಹಳ ದೊಡ್ಡದು. ಅವರ ಅಳತೆಯ ಶೂ ತರಲು ಅಂಗಡಿಯವರು ಒಳಗಿನ ಕೋಣೆಗೇ ಹೋಗಬೇಕಿತ್ತು. ಆದರೆ ಆ ಪಾದ ನೆಲ ಮುಟ್ಟಿದ ಸದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಕ್ಯಾಲಿಫೋರ್ನಿಯಾದ ನೆವಾರ್ಕಿನ ಗ್ರೋಸರಿಯಲ್ಲಿ ಬದನೆಕಾಯಿ ಆರಿಸುತ್ತಾ ನಿಂತಿದ್ದರೆ ಕಿವಿಯ ಹಿಂದೆಯೇ ಮಂಡ್ಯದ ದನಿ: "ಅದು ಬಲ್ತೋಗದೆ ಕಣವ್ವ, ಬುಡು." ಎದೆ ಧಸಕ್ಕೆನ್ನುತ್ತಿತ್ತು. ತಿರುಗಿದರೆ ಆರಡಿ ಆಳು, ಕಿತ್ತಳೆ ಬಣ್ಣದ ಟೋಪಿ, ಬಾಯಿತುಂಬ ನಗು. "ಮೇಷ್ಟ್ರೇ, ಕತ್ತಿಗೊಂದು ಗಂಟೆ ಕಟ್ಕೊಂಡು ಓಡಾಡಿ ನೀವು!" ಅಂತ ರೇಗುತ್ತಿದ್ದೆ.

ಅವರ ಪರಿಚಯವಾದದ್ದು ಸಿಕ್ಸ್ ಎಯ್ಟಿ ಫ್ರೀವೇ ದೆಸೆಯಿಂದ. ನನಗೆ ವಾಲ್ನಟ್ ಕ್ರೀಕಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು, ದಿನಾ ಆ ಹೆದ್ದಾರಿಯಲ್ಲೇ ಕಾರು ಓಡಿಸಿಕೊಂಡು ಹೋಗಬೇಕು. ಮೈಸೂರಲ್ಲಿ ಸ್ಕೂಟಿ ಬಿಟ್ಟು ಇನ್ನೇನನ್ನೂ ಮುಟ್ಟದವಳು ನಾನು. ಗಂಡನ ಹತ್ತಿರ ಡ್ರೈವಿಂಗ್ ಕಲಿಯಲು ಹೋಗಿ ಎರಡೇ ದಿನಕ್ಕೆ ಮನೆಯಲ್ಲಿ ಮಾತು ನಿಂತಿತು. ಆಗ ಯಾರೋ ಹೇಳಿದರು, ನಿಮ್ಮ ಬೀದಿಯಲ್ಲೇ ಮೇಷ್ಟ್ರಿದ್ದಾರಲ್ಲ, ಹೆಂಗಸರಿಗೆ ತಾಳ್ಮೆಯಿಂದ ಕಲಿಸ್ತಾರೆ ಅಂತ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಬ್ಬರೇ ಇದ್ದರು.

ಮೊದಲ ಸಲ ಫ್ರೀವೇಗೆ ಸೇರುವಾಗ ಪಕ್ಕದಲ್ಲಿ ದೊಡ್ಡ ಲಾರಿ ಬಂತು. ನಾನು ಕಣ್ಣೇ ಮುಚ್ಚಿಬಿಟ್ಟೆ! ಮೇಷ್ಟ್ರು ಸ್ಟೀರಿಂಗಿಗೆ ಒಂದು ಕೈ ಕೊಟ್ಟು, ಏನೂ ಆಗಿಲ್ಲವೆಂಬಂತೆ, "ನೀ ಕಣ್ ಮುಚ್ಚಿದ್ರೆ ಲಾರಿ ಮಾಯ ಆಗಕ್ಕಿಲ್ಲ ಕಣವ್ವ" ಅಂದರು. ಸ್ಟಾಪ್ ಬೋರ್ಡು ಬಂದರೆ ಮಾತ್ರ ಅವರು ಬೇರೆಯೇ ಮನುಷ್ಯ. ಪೂರ್ತಿ ನಿಲ್ಲಿಸಿ ಮೂರು ಎಣಿಸಲೇಬೇಕು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಎರಡಕ್ಕೆ ಬಿಟ್ಟರೆ ಸುತ್ತು ಹಾಕಿಸಿ ಅದೇ ಜಾಗಕ್ಕೆ ವಾಪಸ್ ತರುತ್ತಿದ್ದರು. "ಪೋಲೀಸ್ನೋನಿಗೆ ಎದ್ರಿ ಅಲ್ಲ ಕಣವ್ವ. ನಿನ್ ಮರ್ಯಾದೆಗೆ ನೀನೇ ನಿಲ್ಬೇಕು." ಇದನ್ನು ನೂರು ಸಲ ಕೇಳಿದ್ದೇನೆ.

ನಾನು ಅದಕ್ಕೆ ಬದಲಾಗಿ ಮಾಡುತ್ತಿದ್ದದ್ದು ಒಂದೇ, ಅವರ ಫಾರಮ್ಮುಗಳನ್ನು ತುಂಬಿಕೊಡುವುದು. ಇಂಗ್ಲಿಷ್ ಮಾತಾಡುತ್ತಿದ್ದರು, ಆದರೆ ಫಾರಮ್ಮು ಕಂಡರೆ ಜ್ವರ. ನನಗೋ, ಫಾರಮ್ಮೇ ಕಸುಬು. ಆಫೀಸಲ್ಲಿ ನಾನು ತುಂಬಿದ ಫಾರಮ್ಮು ಒಂದೂ ವಾಪಸ್ ಬಂದದ್ದಿಲ್ಲ ಅಂತ ಎಷ್ಟು ಜಂಬ ನನಗೆ!

ಅವರು ಬೇಟೆಗಾರರು ಅನ್ನುವುದು ಗೊತ್ತಾದ ದಿನ ನಾನು ಕಿರುಚಿಯೇಬಿಟ್ಟಿದ್ದೆ. ಗರಾಜಿನ ಫ್ರೀಜರಿನಲ್ಲಿ ಐಸ್ ಇದೆ, ತಗೊಂಡು ಹೋಗು ಅಂದಿದ್ದರು. ತೆಗೆದರೆ ಸಾಲಾಗಿ ಬಿಳಿ ಪೊಟ್ಟಣಗಳು, ಒಂದೊಂದರ ಮೇಲೂ ದಪ್ಪಕ್ಷರದಲ್ಲಿ ಜಿಂಕೆ, ಜಿಂಕೆ, ಜಿಂಕೆ. ಅಯ್ಯೋ ರಾಮ! ಮೈಸೂರಿನ ಝೂನಲ್ಲಿ ನಾನು ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದ ಜಿಂಕೆ!

"ಅಂಗಡಿ ಕೋಳಿಗೆ ಓಡೋಗಕ್ಕೆ ಯಾರಾನಾ ಅವಕಾಶ ಕೊಡ್ತಾರೇನವ್ವ? ನಾ ಕೊಡ್ತೀನಿ" ಅಂದರು.

"ನಾನು ಕೋಳಿನೂ ತಿನ್ನಲ್ಲ ಮೇಷ್ಟ್ರೇ."

ಅವರು ಫ್ರೀಜರಿನ ಬಾಗಿಲು ಹಾಕಿದರು. "ಅಂಗಾರೆ ನೀನು ಬಯ್ಯಬೌದು. ಬಯ್ಯಿ."

ಬಯ್ದೆ. ಆದರೆ ಆ ಸದ್ದಿಲ್ಲದ ಹೆಜ್ಜೆ ಎಲ್ಲಿಂದ ಬಂತು ಅಂತ ಅವತ್ತು ತಿಳಿಯಿತು.

ಅವರಿಗೊಬ್ಬ ಅಣ್ಣ ಇದ್ದರು. ದೊಡ್ಡಪ್ಪನ ಮಗ. ಮೇಷ್ಟ್ರ ಅಪ್ಪ ಬೇಗ ಹೋದ ಮೇಲೆ ದೊಡ್ಡಪ್ಪನ ಮನೆಯಲ್ಲೇ ಬೆಳೆದದ್ದು, ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು. ಅಣ್ಣ ಎಷ್ಟೋ ವರ್ಷದಿಂದ ಅಲಾಸ್ಕಾದಲ್ಲಿ ಮೆಕ್ಯಾನಿಕ್ಕು. ಇಬ್ಬರೂ ಸೇರಿ ಅಲ್ಲಿನ ಬೆಟ್ಟದ ಬಿಳಿ ಟಗರಿನ ಬೇಟೆಗೆ ಹೋಗಬೇಕೆಂಬುದು ಹಳೆಯ ಆಸೆ. ಈ ವರ್ಷ, ಮುಂದಿನ ವರ್ಷ ಅಂತ ದಿನ ಸರಿಯಿತು. ಅಷ್ಟರಲ್ಲಿ ಅಣ್ಣನ ಶ್ವಾಸಕೋಶ ಕೈಕೊಡಲು ಶುರುವಾಯಿತು. ಈ ಸಲ ಹೋಗದಿದ್ದರೆ ಇನ್ನಿಲ್ಲ ಅಂತಾಯಿತು.

ಒಂದು ಭಾನುವಾರ ಮೇಷ್ಟ್ರು ಫಾರಮ್ಮು ಹಿಡಿದು ಬಂದರು. ಓದಿ ನನಗೆ ಆಶ್ಚರ್ಯ. ಹೊರರಾಜ್ಯದವರು ಅಲ್ಲಿ ಆ ಟಗರಿನ ಬೇಟೆಗೆ ಹೋಗಬೇಕಾದರೆ ಲೈಸೆನ್ಸ್ ಇರುವ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಲೇಬೇಕಂತೆ. "ಪಬ್ಲಿಕ್ ಲ್ಯಾಂಡ್ ಅಂದ್ರೆ ಎಲ್ಲರದ್ದೂ ಅಲ್ವಾ? ನೀವು ಈ ದೇಶದ ಸಿಟಿಜನ್ನು! ಇದ್ಯಾವ ನ್ಯಾಯ ಮೇಷ್ಟ್ರೇ?" ಅಂದೆ.

"ಅಂಗಲ್ಲ ಕಣವ್ವ. ಬೆಟ್ಟ ಗೊತ್ತಿಲ್ದೋನು ಒಬ್ನೇ ಓದ್ರೆ ಸಾಯ್ತಾನೆ. ಕಾನೂನು ಸರಿಯಾಗೇ ಅದೆ. ಆದ್ರೆ ಅಲ್ಲೇ ಇರೋ ಅತ್ರದ ಸಂಬಂಧಿ ಜೊತೇಲಿ ಬಂದ್ರೆ ಗೈಡ್ ಬ್ಯಾಡ ಅಂತ ಬರ್ದವ್ರೆ ನೋಡು. ನಂಗೆ ಅಣ್ಣ ಇಲ್ವಾ?"

ಸಂಬಂಧ ಅಂತ ಒಂದು ಖಾನೆ ಇತ್ತು. ನಾನು ಎರಡನೇ ಸಲ ಯೋಚಿಸಲಿಲ್ಲ. 'ಬ್ರದರ್' ಅಂತ ಬರೆದೆ. ಇಬ್ಬರ ಮನೆತನದ ಹೆಸರೂ ಒಂದೇ. ಕೆಳಗೆ ಸಣ್ಣ ಅಕ್ಷರದಲ್ಲಿ ಯಾರು ಯಾರು ಹತ್ತಿರದ ಸಂಬಂಧಿ ಅಂತ ಪಟ್ಟಿಯಿತ್ತು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಮೊಮ್ಮಕ್ಕಳು, ಭಾವ ಮೈದುನರು ಕೂಡ. ಕಸಿನ್ ಇರಲಿಲ್ಲ ಅಂತ ನಾನು ನೋಡಿದ್ದು ಎಲ್ಲ ಕೆಟ್ಟ ಮೇಲೆ. ದೊಡ್ಡಪ್ಪನ ಮಗ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಪಟ್ಟಿ ಓದಬೇಕು ಅನ್ನಿಸಲಿಲ್ಲ. ದೊಡ್ಡಪ್ಪನ ಮಗ ಅಣ್ಣನಲ್ಲದೆ ಇನ್ನೇನು? ಮೇಷ್ಟ್ರು ಕನ್ನಡಕ ಹುಡುಕಲೂ ಇಲ್ಲ, ನಾನು ತೋರಿಸಿದ ಕಡೆ ಸಹಿ ಹಾಕಿದರು.

ಬೇಟೆ ಆಯಿತು. ಅಣ್ಣ ಹತ್ತು ಹೆಜ್ಜೆಗೊಮ್ಮೆ ಕೂತು ಕೂತು ಬೆಟ್ಟ ಹತ್ತಿದರಂತೆ. ಇಳಿದು ಸಣ್ಣ ವಿಮಾನಕ್ಕೆ ಕಾಯುತ್ತಿದ್ದಾಗ ಅಧಿಕಾರಿಯೊಬ್ಬ ಟಗರಿನ ಕೊಂಬು ನೋಡಲು ಬಂದ. ಒಳ್ಳೆಯ ಮನುಷ್ಯ. ಕಾಗದವೆಲ್ಲ ನೋಡಿ, ಸುಮ್ಮನೆ ಮಾತಿಗೆ, "ಅಣ್ಣತಮ್ಮಂದಿರು ಅಂತೀರಿ, ಒಂಚೂರೂ ಹೋಲಿಕೆ ಇಲ್ಲವಲ್ಲ?" ಅಂದನಂತೆ. ನಮ್ಮ ಮೇಷ್ಟ್ರು ಖುಷಿಯಲ್ಲಿ ಎದೆ ಉಬ್ಬಿಸಿ, "ಅಣ್ಣ ಅವರಪ್ಪನ ಥರ, ನಾನು ನಮ್ಮಪ್ಪನ ಥರ" ಅಂದರು.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದ.

ಟಗರು, ಕೊಂಬು, ರೈಫಲ್ಲು, ಎಲ್ಲ ಅಲ್ಲೇ ಮುಟ್ಟುಗೋಲು. ಪ್ರಮಾಣ ಮಾಡಿ ಸುಳ್ಳು ಬರೆದುಕೊಟ್ಟ ಆರೋಪ. ಸ್ಟಾಪ್ ಬೋರ್ಡಿಗೆ ಮೂರು ಎಣಿಸುವ ಮನುಷ್ಯನ ಮೇಲೆ! ಸುದ್ದಿ ಕೇಳಿದಾಗ ನಾನು ಆಫೀಸಿನಲ್ಲಿದ್ದೆ. ಆ ಅಕ್ಷರ ನನ್ನದು, ಆ ತಪ್ಪು ನನ್ನದು.

ವಿಚಾರಣೆ ವಿಡಿಯೋದಲ್ಲಿ. ಮೇಷ್ಟ್ರ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು, ಪಕ್ಕದಲ್ಲಿ ನಾನು. ಪರದೆಯ ಒಂದು ಚೌಕದಲ್ಲಿ ಜಡ್ಜಮ್ಮ, ಇನ್ನೊಂದರಲ್ಲಿ ಅಣ್ಣ, ಮೂಗಿಗೆ ಆಕ್ಸಿಜನ್ ನಳಿಕೆ. ಅಲ್ಲಿನ ವಕೀಲ ಮೊದಲೇ ಹೇಳಿಕೊಟ್ಟಿದ್ದ: 'ಅವನು ನನ್ನ ಅಣ್ಣನಲ್ಲ, ಕಸಿನ್ನು, ತಿಳಿಯದೆ ಬರೆದೆ' ಅಂದುಬಿಡಿ, ತಪ್ಪು ತಿಳುವಳಿಕೆ ಅಂತ ಮುಗಿಸುತ್ತಾರೆ, ರೈಫಲ್ಲೂ ವಾಪಸ್ ಬರುತ್ತೆ, ಲೈಸೆನ್ಸೂ ಉಳಿಯುತ್ತೆ. ಒಂದೇ ಒಂದು ವಾಕ್ಯ!

"ಫಾರಮ್ ತುಂಬಿದ್ದು ಯಾರು?" ಅಂತ ಜಡ್ಜಮ್ಮ ಕೇಳಿದರು. ನಾನು ಬಾಯಿ ತೆರೆದೆ. ಮೇಷ್ಟ್ರು ಮೇಜಿನ ಕೆಳಗೆ ನನ್ನ ಮುಂಗೈ ಒತ್ತಿ ಹಿಡಿದರು. "ಸಹಿ ನನ್ನದು ಮೇಡಂ" ಅಂದರು.

"ಹಾಗಾದರೆ ಇವರು ನಿಮ್ಮ ಬ್ರದರ್ ಅಲ್ಲ. ಸರಿ ತಾನೇ?"

ಮೇಷ್ಟ್ರು ಅಣ್ಣನಿದ್ದ ಚೌಕದ ಕಡೆ ನೋಡಿದರು. ಪರದೆಯ ಆ ಕಡೆಯಿಂದ ಅಣ್ಣನೇ ಕನ್ನಡದಲ್ಲಿ, ಉಸಿರು ಎಳೆದೆಳೆದು, "ಯೇಳ್ಬುಡ್ಲಾ. ಅಲ್ಲ ಅಂತ ಯೇಳು. ನಂಗೇನೂ ಬೇಜಾರಿಲ್ಲ" ಅಂದರು.

"ಎಂಗಣ್ಣ ಯೇಳ್ಲಿ?" ಅಂದರು ಇವರು. ಆಮೇಲೆ ಜಡ್ಜಮ್ಮನಿಗೆ ಇಂಗ್ಲಿಷಿನಲ್ಲಿ, "ಹೀ ಈಸ್ ಮೈ ಬಿಗ್ ಫಾದರ್ಸ್ ಸನ್, ಮೇಡಂ."

"ಯೆಸ್ ಆರ್ ನೋ, ಸರ್?"

ಮೇಷ್ಟ್ರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಹೀ ಈಸ್ ಮೈ ಬ್ರದರ್."

ಪರದೆಯ ಮೂಲೆಯ ಚೌಕದಲ್ಲಿ ವಕೀಲ ಹಣೆ ಒತ್ತಿಕೊಂಡ. ರೈಫಲ್ ಹೋಯಿತು. ಬೇಟೆಯ ಲೈಸೆನ್ಸ್ ಹೋಯಿತು, ಅದೂ ಅವರ ವಯಸ್ಸಿಗೆ ಇನ್ನು ವಾಪಸ್ ಬರಲಾರದಷ್ಟು ವರ್ಷಕ್ಕೆ. ಎಲ್ಲ ಮುಗಿದ ಮೇಲೆ ನಾನು ಅಳುತ್ತಾ ಬಯ್ದೆ, ಒಂದು ಮಾತು ಹೇಳೋಕೆ ನಿಮಗೇನಾಗಿತ್ತು ಅಂತ.

"ಅಣ್ಣ ಕೇಳಿಸ್ಕತಿದ್ನಲ್ಲವ್ವ" ಅಂದರು, ಅಷ್ಟೇ. ಆ ಫಾರಮ್ಮಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನನ್ನನ್ನು ಒಂದು ಸಲವೂ ದೂರಲಿಲ್ಲ. ದೂರಿದ್ದರೆ ನನಗೇ ಹಗುರವಾಗುತ್ತಿತ್ತೇನೋ.

ಆ ಚಳಿಗಾಲದಲ್ಲೇ ಅಣ್ಣ ತೀರಿಕೊಂಡರು. ಮೇಷ್ಟ್ರು ಹೋಗಿ ಕೊಳ್ಳಿಯಿಟ್ಟು ಬಂದರು. ಒಂದು ದಿನ ಗ್ರೋಸರಿಯಲ್ಲಿ ಸೊಪ್ಪು ಆರಿಸುತ್ತಿದ್ದೆ. ಹಿಂದೆ ಯಾರೋ ಕಾಲೆಳೆದುಕೊಂಡು ಬರುವ ಸದ್ದು. ತಿರುಗಿ ನೋಡಿದರೆ ಮೇಷ್ಟ್ರು! ಗಂಟೆ ಕಟ್ಕೊಳ್ಳಿ ಅಂತ ರೇಗುತ್ತಿದ್ದವಳು ನಾನು. ಅವತ್ತು ಆ ಸದ್ದು ನನಗೆ ಬೇಕಿರಲಿಲ್ಲ. ಅವರು ನನ್ನ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಬದಲಿಸಿ ಬೇರೆಯದು ಕೊಟ್ಟರು.

ಹೋದ ತಿಂಗಳು ಆಫೀಸಿಗೆ ಒಂದು ಫೋನು. ಆಸ್ಪತ್ರೆಯಿಂದ. ಇಂಥವರು ಪಾರ್ಕಿನಲ್ಲಿ ಬಿದ್ದಿದ್ದರು, ಆಂಬುಲೆನ್ಸಿನಲ್ಲಿ ಕರೆತಂದಿದ್ದೇವೆ, ಬೇಗ ಬನ್ನಿ ಅಂದಳು ಹುಡುಗಿ. "ನೀವು ಅವರ ಸಿಸ್ಟರ್ ಅಲ್ವಾ?"

ಮೇಷ್ಟ್ರು ಒಂದು ದಿನವೂ ನನ್ನನ್ನು ತಂಗಿ ಅಂತ ಕರೆದವರಲ್ಲ. ಎಲ್ಲ ಶಿಷ್ಯೆಯರಂತೆ ನಾನೂ ಬರೀ 'ಅವ್ವ'. ಏನು ಹೇಳಿದೆನೋ ನೆನಪಿಲ್ಲ. ಸಿಕ್ಸ್ ಎಯ್ಟಿಯಲ್ಲಿ ಹೇಗೆ ಬಂದೆನೋ ಅದೂ ನೆನಪಿಲ್ಲ. ಆಸ್ಪತ್ರೆಯ ಹತ್ತಿರ ಸ್ಟಾಪ್ ಬೋರ್ಡು ಬಂತು. ನಿಲ್ಲಿಸಿದೆ, ಮೂರು ಎಣಿಸಿದೆ. ಒಳಗೆ ಹೋಗುವಷ್ಟರಲ್ಲಿ ಮೇಷ್ಟ್ರು ಉಳಿದಿರಲಿಲ್ಲ.

ನರ್ಸು ಅವರ ಪರ್ಸಿನಲ್ಲಿದ್ದ ಚೀಟಿ ತೋರಿಸಿದಳು. ತುರ್ತು ಸಮಯದಲ್ಲಿ ಯಾರಿಗೆ ತಿಳಿಸಬೇಕು ಅನ್ನುವುದು. ಮೇಲೆ ಅಣ್ಣನ ಹೆಸರು, ಬ್ರದರ್ ಅಂತ. ಅದರ ಮೇಲೆ ಒಂದು ಗೆರೆ ಎಳೆದಿತ್ತು. ಕೆಳಗೆ ನನ್ನ ಹೆಸರು, ನನ್ನ ನಂಬರು. ಪಕ್ಕದಲ್ಲಿ ಅವರದೇ ವಕ್ರ ಅಕ್ಷರದಲ್ಲಿ, ಸಿಸ್ಟರ್. ಫಾರಮ್ಮು ಕಂಡರೆ ಜ್ವರ ಬರುತ್ತಿದ್ದ ಮನುಷ್ಯ, ಅಷ್ಟೆಲ್ಲ ಅನುಭವಿಸಿದ ಮೇಲೆ, ತಾವೇ ಕೂತು ಬರೆದಿದ್ದರು.

ನರ್ಸು ದೇಹ ಒಪ್ಪಿಸಿಕೊಳ್ಳುವ ಫಾರಮ್ಮೂ ಪೆನ್ನೂ ಮುಂದಿಟ್ಟಳು. ಈ ಸಲ ಸಣ್ಣ ಅಕ್ಷರದ ಸಾಲುಗಳನ್ನೆಲ್ಲ, ಒಂದೂ ಬಿಡದೆ, ಎರಡೆರಡು ಸಲ ಓದಿದೆ. ಆಮೇಲೆ ಸಂಬಂಧ ಅನ್ನುವ ಖಾನೆಯಲ್ಲಿ 'ಸಿಸ್ಟರ್' ಅಂತ ಬರೆದು, ಕೆಳಗೆ ನನ್ನ ಸಹಿ ಹಾಕಿದೆ.