ಸರೋಜತ್ತೆಯ ಸಿನಿಮಾ

ಮೈದಾ ಅಂಟಿನ ವಾಸನೆ ಯಾರಿಗಾದರೂ ಇಷ್ಟವಾಗುತ್ತದೆಯೋ ಇಲ್ಲವೋ ಕಾಣೆ. ಹೊಸೂರಿನ ಬಸ್ ನಿಲ್ದಾಣದ ಗೋಡೆಗೆ ಪೋಸ್ಟರ್ ಹಚ್ಚುವವರ ಬಕೆಟ್ಟಿನಿಂದ ಆ ವಾಸನೆ ಬಂದರೆ ನಾನು ಈಗಲೂ ನಿಂತುಬಿಡುತ್ತೇನೆ. ಮತ್ತಿಗಿರಿಯ ನಮ್ಮ ಹೆಂಚಿನ ಮನೆಯ ಅಡುಗೆಕೋಣೆ, ಮಸಿ ಹಿಡಿದ ಹಳೇ ಪಾತ್ರೆ, ಜಿರಲೆ ಮುಟ್ಟದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸಿ ಸೌಟು ತಿರುವುತ್ತಿದ್ದ ಸರೋಜತ್ತೆ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ. ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಕೊಡುವ ಕೋಣೆಗಳ ಎತ್ತರದ ಕಟ್ಟಡವೊಂದು ನಿಂತಿದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ನೀವೂ ಆ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ನಡೆಯುತ್ತಿರಬಹುದು.

ಅಂಟು ಬೇಯಿಸಿದ್ದು ನಮ್ಮ ಸಿನಿಮಾಕ್ಕೆ. ಪ್ಲಸ್ ಟೂ ಪರೀಕ್ಷೆ ಮುಗಿದ ಬೇಸಿಗೆ ಅದು. ಕೃಷ್ಣಗಿರಿಯಲ್ಲಿ ವಿದ್ಯಾರ್ಥಿಗಳಿಗೆ ಕಿರುಚಿತ್ರದ ಸ್ಪರ್ಧೆಯಿದೆ ಎಂದು ನನ್ನ ಜೊತೆ ಓದುತ್ತಿದ್ದ ಸೆಲ್ವಿ ಸುದ್ದಿ ತಂದಳು. ಇನ್ನೊಬ್ಬ ಗೆಳೆಯ ಮಂಜ ತನ್ನ ಅಣ್ಣನ ಫೋನು ತಂದ. ಅದೇ ನಮ್ಮ ಕ್ಯಾಮೆರಾ. ಥರ್ಮೋಕೋಲ್ ಹಾಳೆಗೆ ಬೆಳ್ಳಿಬಣ್ಣದ ಕಾಗದ ಅಂಟಿಸಿ, ಮುಖದ ಮೇಲೆ ಬಿಸಿಲು ಬೀಳಿಸುವ ಹಲಗೆ ಮಾಡಿಕೊಂಡೆವು. ಕ್ಯಾಮೆರಾ ಚಲಿಸಬೇಕಾದಾಗ ಮಂಜನನ್ನು ಗೋಣಿಚೀಲದ ಮೇಲೆ ಕೂರಿಸಿ ಪಡಸಾಲೆಯ ನುಣುಪು ನೆಲದ ಮೇಲೆ ಎಳೆಯುತ್ತಿದ್ದೆವು. ಅವನು ಕುಲುಕದಂತೆ ಉಸಿರು ಬಿಗಿಹಿಡಿದು ಕೆಂಪಗಾಗುವುದನ್ನು ನೋಡಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕತೆ ಸೆಲ್ವಿಯದು, ಮಾತು ತಮಿಳಿನಲ್ಲಿ. ಶಿಫ್ಟಿಗೆ ಹೋದ ಗಂಡ ಬರುವ ಬಸ್ಸಿಗಾಗಿ ಕಾಯುವ ಹೆಂಗಸಿಗೆ ಅವನ ಸಾವಿನ ಸುದ್ದಿ ಬರುತ್ತದೆ, ಅಷ್ಟೇ. ಆ ಹೆಂಗಸಾಗಲು ಒಪ್ಪಿದ್ದ ಸೆಲ್ವಿಯ ತಾಯಿ ಕೊನೆಗಳಿಗೆಯಲ್ಲಿ ನಾಚಿ ಹಿಂದೆ ಸರಿದರು. ನಾವು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಗ ಅತ್ತೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ನಾನ್ ನಿಂತ್ಕೊಂಡ್ರೆ ಆಗಲ್ವೇನ್ಲಾ?" ಅಂದಳು.

ಅತ್ತೆ ನನ್ನ ಅಪ್ಪನ ತಂಗಿ. ಅವಳನ್ನು ಕೊಟ್ಟಿದ್ದು ಅಂಚೆಟ್ಟಿಯಿಂದಾಚೆ, ಕಾಡಂಚಿನ ನಾಟ್ರಾಂಪಾಳ್ಯಕ್ಕೆ. ಗಂಡ ಒಳ್ಳೆಯವನೇ, ಆದರೆ ಅವನ ಅಣ್ಣಂದಿರ ಕಾಟ ತಡೆಯಲಾರದೆ ಇದ್ದಾಳೆಂದು ಅಜ್ಜಿ ಹೋಗಿ ಮಗಳನ್ನು ಕರೆತಂದಳು. ಬೇರೆ ಮನೆ ಮಾಡಿದರೆ ಮಾತ್ರ ಕಳಿಸುವೆನೆಂದು ಹಟ ಹಿಡಿದಳು. ಮಾವ ಆಗಾಗ ಬಸ್ಸು ಹತ್ತಿ ಬಂದು ನಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದನಂತೆ. ಅಜ್ಜಿ ಒಂದು ಲೋಟ ನೀರೂ ಕೊಡದೆ ಹಿಂದಕ್ಕೆ ಕಳಿಸುತ್ತಿದ್ದಳಂತೆ. ಒಮ್ಮೆ ಹಾಗೆ ವಾಪಸು ಹೋದವನು ಕೆಲವೇ ದಿನಗಳಲ್ಲಿ ಅಂಚೆಟ್ಟಿಯ ಘಾಟಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಮಣ್ಣಿಗೂ ಅತ್ತೆಯನ್ನು ಕಳಿಸಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ನಾನಾಗ ತೀರಾ ಚಿಕ್ಕವನು, ಇದೆಲ್ಲ ಚೂರುಪಾರಾಗಿ ಕಿವಿಗೆ ಬಿದ್ದದ್ದು. ಸೆಲ್ವಿಗಂತೂ ಏನೂ ಗೊತ್ತಿರಲಿಲ್ಲ.

ಸಾವಿನ ಸುದ್ದಿಯ ದೃಶ್ಯವನ್ನು ಬೀದಿಬಾಗಿಲಲ್ಲೇ ತೆಗೆದೆವು. ಹೊರಗೆ ಜಗಲಿಯ ಮೇಲೆ ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಸದ್ದಾಗುತ್ತದೆಂದು ಬೇಡಿಕೊಂಡಾಗ ಗೊಣಗುತ್ತಲೇ ಕೈ ನಿಲ್ಲಿಸಿದಳು. ಅತ್ತೆ ಬಾಗಿಲಿಗೊರಗಿ, ಇನ್ನು ಯಾರಿಗಾಗಿ ಕಾಯಲಿ ಎಂಬ ಒಂದೇ ಒಂದು ತಮಿಳು ಮಾತು ಹೇಳಬೇಕಿತ್ತು. ಸಂತೆಯಲ್ಲಿ ಸಲೀಸಾಗಿ ತಮಿಳಾಡುತ್ತಿದ್ದವಳಿಗೆ ಅದೇನೂ ಕಷ್ಟವಲ್ಲ. ನಾನು ಬೆಳಕಿನ ಹಲಗೆ ಹಿಡಿದಿದ್ದೆ. ಮಂಜ ಕೈಬೆರಳಿನ ಸನ್ನೆ ಮಾಡಿದ. ಅತ್ತೆ ಬೀದಿಯ ಕಡೆ ನೋಡಿದಳು, ಆಮೇಲೆ ಕನ್ನಡದಲ್ಲಿ, ಯಾರೋ ಎದುರಿಗೇ ನಿಂತಿರುವಂತೆ ಹೇಳಿದಳು. "ಬಾಗ್ಲ ಹಿಂದೇನೇ ಇದ್ದೆ ಕಣಾ. ನೀನ್ ಕೂಗಿದ್ದೆಲ್ಲಾ ಕೇಳುಸ್ತು. ಬಟ್ಟೆ ಗಂಟು ಕಟ್ಕೊಂಡೇ ನಿಂತಿದ್ದೆ. ಬಾಗ್ಲು ಒಸಿ ತಳ್ಳಿದ್ರೆ ಬಂದ್ಬುಡ್ತಿದ್ದೆ." ಮಂಜ ಫೋನು ಕೆಳಗಿಳಿಸಲಿಲ್ಲ. ಕಣ್ಣೀರು ಅವಳ ಗದ್ದಕ್ಕಿಳಿದು ಕತ್ತಿಗೆ ಹರಿಯಿತು. ಕೊನೆಗೆ ಅವಳೇ ಮುಖ ಒರೆಸಿಕೊಂಡು ಮಂಜನ ಕಡೆ ತಿರುಗಿ, "ಸರಿಯಾಗ್ ಬಂತೇನಪ್ಪಾ?" ಎಂದು ಕೇಳಿದಳು. ಜಗಲಿಯಲ್ಲಿ ಹುಣಸೆ ಕುಟ್ಟುವ ಸದ್ದು ಮತ್ತೆ ಶುರುವಾಗಲಿಲ್ಲ.

ಅಂಥ ದೃಶ್ಯ ಯಾರಿಗೂ ಸಿಕ್ಕಿರುವುದಿಲ್ಲ, ಕನ್ನಡದಲ್ಲೇ ಇರಲಿ ಎಂದು ಮಂಜ ಪಟ್ಟು ಹಿಡಿದ. ಸೆಲ್ವಿಯೂ ಹೂಂ ಅಂದಳು. ಸಂಜೆ ಅತ್ತೆ ನನ್ನನ್ನು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕರೆದಳು. "ಮುಖ ಇರ್ಲಿ ಕಣ್ಲಾ. ಮಾತ್ ತೆಗ್ದಾಕ್ಬುಡು. ಅಮ್ಮ ಒಂದ್ಸಲ ಕೇಳಿದ್ದೇ ಸಾಕು. ವಯಸ್ಸಾಗ್ಬುಟ್ಟೈತೆ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಡುಗೆಗೆ ಉಪ್ಪು ಸಾಕು ಎನ್ನುವಷ್ಟು ಸಾಮಾನ್ಯವಾಗಿ ಹೇಳಿ ಬಟ್ಟೆ ಹಿಂಡಲು ಬಗ್ಗಿದಳು. ಹಾಗಾಗಿ ಸೆಲ್ವಿ ಹೊರಗಿನ ಸದ್ದು ಸೇರದಂತೆ ಕಂಬಳಿ ಹೊದ್ದು ಕೂತು ತಮಿಳಿನ ಆ ಮಾತನ್ನು ತನ್ನ ದನಿಯಲ್ಲಿ ಹೇಳಿ ಸೇರಿಸಿದಳು. ಅತ್ತೆಯ ತುಟಿ ಇನ್ನೂ ಅಲುಗುತ್ತಿರುವಾಗಲೇ ಸೆಲ್ವಿಯ ಮಾತು ಮುಗಿದುಹೋಗುತ್ತಿತ್ತು. ಉಳಿದಷ್ಟಕ್ಕೆ ಬಸ್ಸಿನ ಸದ್ದು ತುಂಬಿದೆವು. ಫೋನು ಮಂಜನ ಅಣ್ಣನಿಗೆ ಹಿಂದಿರುಗಿತು, ಅದರಲ್ಲಿದ್ದ ಮೂಲವೆಲ್ಲ ಅತ್ತೆಯ ದನಿಯ ಸಮೇತ ಅಳಿಸಿಹೋಯಿತು. ಬಹುಮಾನ ಬರಲಿಲ್ಲ. ಅಜ್ಜಿ ಸಿನಿಮಾ ನೋಡಲೂ ಇಲ್ಲ, ಅದರ ಬಗ್ಗೆ ಕೇಳಲೂ ಇಲ್ಲ. ಆದರೆ ಆ ದೃಶ್ಯ ತೆಗೆದ ರಾತ್ರಿಯ ಊಟದಿಂದಲೇ ಅತ್ತೆಯ ತಟ್ಟೆಗೆ ಮುದ್ದೆಯನ್ನು ತಾನೇ ಇಡತೊಡಗಿದಳು. ಅತ್ತೆ ಬೇಡವೆನ್ನದೆ ಉಂಡಳು.

ಮುಂದೊಂದು ವರ್ಷ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ ಅತ್ತೆ ಮರಳಿ ಬರಲಿಲ್ಲ. ಆಮೇಲೆ ಅಪ್ಪ, ಚಿಕ್ಕಪ್ಪ ಬೇರೆಯಾದರು. ಹೆಂಚು ಇಳಿಸಿದರು, ಜಗಲಿಯ ಕಲ್ಲುಚಪ್ಪಡಿಗಳನ್ನು ಯಾರೋ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಮಂಜ ಶಿಫ್ಟಿನ ಕೆಲಸಕ್ಕೆ ಸೇರಿದ, ಸೆಲ್ವಿ ಮದುವೆಯಾಗಿ ಹೋದಳು. ಅಜ್ಜಿ ನಮ್ಮ ಜೊತೆ ಬಾಡಿಗೆ ಮನೆಗೆ ಬಂದು, ಕೊನೆಯ ವರ್ಷಗಳನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಕಳೆದಳು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಗೋಡೆ ನೋಡುತ್ತಲೇ, "ಆ ಸಿನ್ಮಾ ಐತೇನ್ಲಾ ನಿನ್ತಾವ?" ಎಂದು ಕೇಳಿದಳು. ನನ್ನ ಫೋನಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ. ಬಾಗಿಲಿನ ದೃಶ್ಯ ಬಂತು.

"ಇದ್ಯಾರ್ದ್ಲಾ ದನಿ?"

"ಸೆಲ್ವೀದು ಅಜ್ಜಿ."

"ಬ್ಯಾಡ. ದನಿ ತೆಗಿ."

ಸದ್ದು ನಿಲ್ಲಿಸಿ ಅದೇ ದೃಶ್ಯವನ್ನು ಮತ್ತೆ ಹಾಕಿದೆ. ಅತ್ತೆಯ ಕೆನ್ನೆಯ ಮೇಲೆ ನೀರಿಳಿಯತೊಡಗಿದಾಗ ಅಜ್ಜಿ ಹೆಬ್ಬೆರಳಿನಿಂದ ಅದನ್ನು ಒರೆಸಲು ಹೋದಳು. ಚಿತ್ರ ನಿಂತುಬಿಟ್ಟಿತು. ಅಜ್ಜಿ ಗಾಬರಿಯಿಂದ ನನ್ನ ಮುಖ ನೋಡಿದಳು.

"ಯಾಕ್ಲಾ ನಿಂತ್ಬುಟ್ಳು?"

"ಮುಟ್ಟಿದ್ರೆ ನಿಂತೋಗ್ತದೆ ಅಜ್ಜಿ. ಬರೀ ನೋಡ್ಬೇಕು."

"ಹಂಗಾ. ಹಾಕು, ಮುಟ್ಟಲ್ಲ," ಎಂದು ಫೋನನ್ನು ನನ್ನ ಕೈಗೇ ಕೊಟ್ಟಳು. ನಾನು ಅವಳ ಕಣ್ಣೆದುರಿಗೆ ಹಿಡಿದುಕೊಂಡೆ. ಬಾಗಿಲಿಗೊರಗಿದ ಅತ್ತೆಯ ತುಟಿ ಮತ್ತೆ ಅಲುಗತೊಡಗಿತು. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು, ಮಗಳನ್ನು ನೋಡುತ್ತ ಕೂತಳು.