‘ತಳ್ಳು’ ಹಾಡಿನ ಮೂರು ಏಟು

ನನ್ನ ಹಾಡುಗಳಲ್ಲಿ ಯಾಕಿಷ್ಟು ಹೊಡೆತ ಬಡಿತ ಎಂದು ಮೈಕು ಹಿಡಿದು ಬಂದವರೆಲ್ಲ ಕೇಳುತ್ತಾರೆ. ಅದಕ್ಕೆ ನನ್ನ ಬಳಿ ಒಂದು ಕತೆ ಸದಾ ತಯಾರಿರುತ್ತಿತ್ತು. ಎಲ್ಲಿ ನಗಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎನ್ನುವುದೆಲ್ಲ ಹೇಳಿ ಹೇಳಿ ರೂಢಿಯಾಗಿಹೋಗಿತ್ತು. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು, ಒಬ್ಬಿಬ್ಬರು ಕಣ್ಣು ಒರೆಸಿಕೊಂಡದ್ದೂ ಉಂಟು. ಆ ಕತೆ ಸುಳ್ಳು. ಅದರಿಂದ ನನಗೆ ಹೆಸರು ಬಂದದ್ದು ಮಾತ್ರ ನಿಜ.

ಮೊದಲ ಸಿಂಗಲ್ಲಿನಲ್ಲಿ ಸುಳ್ಳಿರಲಿಲ್ಲ. ಪನಮರಂನ ಗಾನಮೇಳ ತಂಡದಲ್ಲಿ ಹದಿನೆಂಟು ವರ್ಷ ಬೇರೆಯವರ ಹಾಡು ಹಾಡಿ ನನ್ನ ಗಂಟಲು ಒರಟಾಗಿತ್ತು. ನಲವತ್ತು ದಾಟಿದ ಹೆಂಗಸು ಗಿಟಾರು ನೇತುಹಾಕಿಕೊಂಡು ಕಿರುಚುವುದೇನು ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಆ ಸಿಟ್ಟಿನಲ್ಲೇ ಬರೆದದ್ದು ‘ಬೆತ್ತ’. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಒಂದನೇ ಕ್ಲಾಸಿನಲ್ಲಿ ವೆಳ್ಳಂ ಅನ್ನುವ ಕಡೆ ನೀರು ಅಂದದ್ದಕ್ಕೆ ಟೀಚರು ಅಂಗೈಗೆ ಐದು ಏಟು ಕೊಟ್ಟಿದ್ದರು, ಅದರ ಹಾಡು. ವಿಡಿಯೋವನ್ನು ಮುಚ್ಚಿಹೋದ ಒಂದು ಅಕ್ಕಿ ಗಿರಣಿಯಲ್ಲಿ ತೆಗೆದೆವು. ನಾನು ಕೊಡಲಿ ಹಿಡಿದು ಹಳೆಯ ಬೆಂಚುಗಳನ್ನು ಒಡೆಯಬೇಕು, ಅಷ್ಟೇ. ಎರಡನೇ ಬೆಂಚಿನ ಚೂರು ಹಾರಿ ನಮ್ಮ ಡ್ರಮ್ಮರನ ಹುಬ್ಬು ಸೀಳಿತು. ಅವನು ರಕ್ತ ಸುರಿಸಿಕೊಂಡೇ ಹಾಡು ಮುಗಿಯುವವರೆಗೆ ಬಾರಿಸಿದ. ಏಳು ಹೊಲಿಗೆ ಬಿತ್ತು. ವಿಡಿಯೋದಲ್ಲಿ ಕಾಣುವ ರಕ್ತ ಬಣ್ಣವಲ್ಲ. ಅದನ್ನು ತೆಗೆಯಬೇಡಿ ಎಂದು ಅವನೇ ಹಟ ಹಿಡಿದ.

ಎರಡನೆಯದು ‘ತಳ್ಳು’. ಜನ ನನ್ನನ್ನು ಗುರುತಿಸುವುದು ಇದರಿಂದಲೇ. ಸಂದರ್ಶನದ ಕತೆಯೂ ಇದರದ್ದೇ.

ಮರಕ್ಕಡವಿನಲ್ಲಿ ಅಪ್ಪ ದೋಣಿ ನಡೆಸುತ್ತಿದ್ದ. ಕಬಿನಿಯ ಈ ದಡ ಕೇರಳ, ಆ ದಡ ಕರ್ನಾಟಕ; ಎರಡೂ ಕಡೆ ನಮ್ಮ ಮಾತಿನವರೇ. ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಯ ಬೋರ್ಡುಗಳಲ್ಲಿ ಕೆಲವೆಡೆ ಇನ್ನೂ ಕಣ್ಣೂರು, ಕೆಲವೆಡೆ ಕೋಳಿಕ್ಕೋಡು ಎಂದೇ ಇತ್ತು. ಪೊಲೀಸರು ದೂರದ ಊರುಗಳಿಂದ ಬಂದವರು, ಕನ್ನಡ ಅವರ ಕಿವಿಗೇ ಬಿದ್ದಿರಲಿಲ್ಲ. ಆಚೆ ದಡದಲ್ಲಿ ಇನ್ನೊಬ್ಬ ದೋಣಿಯವನಿದ್ದ. ಅವನನ್ನು ನಾನು ಮಾವ ಎನ್ನುತ್ತಿದ್ದೆ. ಸಂಬಂಧವೇನಿಲ್ಲ, ಕರೆಯುವ ವಾಡಿಕೆ. ಕಂಡಾಗೆಲ್ಲ ಜೇಬಿನಿಂದ ನೆಲ್ಲಿಕಾಯಿ ತೆಗೆದು ಕೊಡುತ್ತಿದ್ದ. ಬೆಳಗಿನ ಬಸ್ಸಿನಿಂದ ಇಳಿದವರನ್ನು ಯಾರು ಮೊದಲು ಹತ್ತಿಸಿಕೊಳ್ಳಬೇಕು ಎಂದು ಅಪ್ಪನಿಗೂ ಅವನಿಗೂ ದಿನಾ ಜಗಳ. ಒಂದು ದಿನ ಯಾರೋ ಅಪ್ಪನ ದೋಣಿಯ ಹಗ್ಗ ಕೊಯ್ದರು. ದೋಣಿ ತೇಲಿಹೋಗಿ ಬಂಡೆಗೆ ಬಡಿದು ಸೀಳಿತು. ಮರುದಿನ ಬೆಳಿಗ್ಗೆ ನೀರಂಚಿನಲ್ಲಿ ಇಬ್ಬರೂ ಎದುರಾದರು. ಮಾವ ನಕ್ಕ. ಸ್ವಲ್ಪ ಹೊತ್ತಿಗೆಲ್ಲ ಅವನು ಕಲ್ಲುಗಳ ನಡುವೆ ಬಿದ್ದಿದ್ದ, ಸಂಜೆಯೊಳಗೆ ಸತ್ತ.

ಇಲ್ಲಿಯವರೆಗೆ ನಿಜ. ಮುಂದೆ ನಾನು ಹೇಳುತ್ತಿದ್ದದ್ದು ಹೀಗೆ. ಅಪ್ಪ ಠಾಣೆಯಲ್ಲಿ ಕನ್ನಡದಲ್ಲಿ ‘ತಳ್ಳಿದೆ’ ಅಂದ. ಹೇಳಿಕೆ ಬರೆದುಕೊಳ್ಳುವ ರೈಟರ್ ಅದನ್ನು ಮಲಯಾಳದ ‘ತಲ್ಲಿ’ ಎಂದು ಕೇಳಿಸಿಕೊಂಡ. ಮಲಯಾಳದಲ್ಲಿ ತಲ್ಲುವುದೆಂದರೆ ಹೊಡೆಯುವುದು. ನೂಕುವುದಕ್ಕೆ ಅವರಲ್ಲೂ ನಮ್ಮ ಹಾಗೆ ತಳ್ಳುವುದು ಎಂದೇ. ಒಂದು ಳ ಹೋಗಿ ಲ ಆಯಿತು, ಜಾರಿ ಬಿದ್ದು ಸತ್ತದ್ದು ಕೊಲೆಯಾಯಿತು, ಅಪ್ಪ ಏಳು ವರ್ಷ ಜೈಲಿನಲ್ಲಿದ್ದ. ಕಲ್ಲಿನ ಮೇಲೆ ಬಿದ್ದರೆ ತಲೆ ಎಷ್ಟು ಕಡೆ ಬೇಕಾದರೂ ಒಡೆಯಬಹುದು ಎಂದು ನಮ್ಮ ವಕೀಲರು ವಾದಿಸಿದ್ದರಂತೆ. ಅವ್ವ ಅದನ್ನೇ ಹಿಡಿದುಕೊಂಡು, ಸಾಯುವವರೆಗೂ ಆ ರೈಟರ್‌ನ ಕಿವಿಗೆ ಹಿಡಿಶಾಪ ಹಾಕುತ್ತಿದ್ದಳು. ನಾನು ಅವಳ ಶಾಪವನ್ನೇ ಹಾಡು ಮಾಡಿದೆ:

ಅಕ್ಷರ ಜಾರಿತು, ಕೋಳ ಬಿತ್ತು,
ತಳ್ಳಿದ್ದು, ಬರೀ ತಳ್ಳಿದ್ದು.

ಪನಮರಂನಲ್ಲಿ ಮೊದಲ ಸಲ ಅದನ್ನು ಹಾಡಿದಾಗ ಸ್ಪೀಕರ್ ಕೆಟ್ಟು ಕರಕರ ಎನ್ನುತ್ತಿತ್ತು. ನಾನು ‘ತಳ್ಳು, ತಳ್ಳು’ ಎಂದು ಅರಚಿದೆ. ಮುಂದೆ ನಿಂತವರಿಗೆ ಅದು ‘ತಲ್ಲು, ತಲ್ಲು’ ಎಂದು ಕೇಳಿಸಿತು. ಮೊದಲೇ ಎರಡು ಗುಂಪುಗಳು ಗುರಾಯಿಸುತ್ತ ನಿಂತಿದ್ದವು. ಹಾಡುವವಳೇ ಹೊಡಿ ಅಂದ ಮೇಲೆ ಇನ್ನೇನು. ಕುರ್ಚಿಗಳು ಹಾರಿದವು. ಒಬ್ಬನ ತಲೆಯನ್ನು ಇನ್ನೊಬ್ಬ ವೇದಿಕೆಯ ಕಂಬಕ್ಕೆ ಗುದ್ದಿದ. ಯಾರದೋ ಹಲ್ಲು ನನ್ನ ಕಾಲ ಬುಡಕ್ಕೆ ಬಂದು ಬಿತ್ತು. ಮಾರನೆಯ ದಿನ ಆ ಹೊಡೆದಾಟ ಎಲ್ಲರ ಮೊಬೈಲಿನಲ್ಲಿತ್ತು, ಹಾಡೂ ಅದರ ಬೆನ್ನು ಹತ್ತಿ ಹೋಯಿತು. ನೋಡಿ, ಒಂದು ಅಕ್ಷರ ಏನೆಲ್ಲ ಮಾಡುತ್ತದೆ ಎಂದು ನಾನು ಆಮೇಲಿನ ಸಂದರ್ಶನಗಳಲ್ಲಿ ನಗುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆಗಬೇಕಿತ್ತು, ಯಾಕೆಂದರೆ ಮಾವ ಬಿದ್ದಾಗ ನಾನು ಅಲ್ಲೇ ಇದ್ದೆ. ನನಗೆ ಏಳು ವರ್ಷ. ಅಪ್ಪನಿಗೆ ಬುತ್ತಿ ತಂದಿದ್ದೆ. ಮಾವ ನಕ್ಕ ಕೂಡಲೇ ಅಪ್ಪ ದೋಣಿ ನೂಕುವ ಬಿದಿರ ಗಳ ಎತ್ತಿ ಅವನ ಹೆಗಲಿಗೆ ಹೊಡೆದ, ಟಪ್. ಕಿವಿಯ ಮೇಲೆ ಹೊಡೆದ, ಟಪ್. ಮಾವ ನೀರಿನಲ್ಲಿ ಮೊಣಕಾಲೂರಿದ. ಮೂರನೆಯದು ನೆತ್ತಿಯ ಮೇಲೆ. ಅದರ ಸದ್ದು ಬೇರೆ ಇತ್ತು, ಕಳಿತ ಹಲಸು ನೆಲಕ್ಕೆ ಬಿದ್ದ ಹಾಗೆ ಮೆತ್ತಗೆ, ಧಬ್ ಎಂದು. ಅಷ್ಟಕ್ಕೆ ನಾನು ಬುತ್ತಿ ಎಸೆದು, ಎರಡೂ ಕಿವಿ ಮುಚ್ಚಿಕೊಂಡು ಓಡಿದೆ.

ಮಧ್ಯಾಹ್ನ ಠಾಣೆಯಲ್ಲಿ ಆ ರೈಟರ್ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಕೈಗೆ ನಾರಂಗ ಮಿಠಾಯಿ ಕೊಟ್ಟು ಕೇಳಿದರು.

“ಮೋಳೇ, ಅಚ್ಛನ್ ತಲ್ಲಿಯೋ, ತಳ್ಳಿಯೋ?”

ಮಗಳೇ, ಅಪ್ಪ ಹೊಡೆದನೋ, ನೂಕಿದನೋ ಎಂದು. ಅವರ ಕಿವಿ ಚೆನ್ನಾಗಿಯೇ ಇತ್ತು. ಎರಡು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿದರು. ನಾನು ಬೆತ್ತದ ಏಟು ತಿಂದು ಮಲಯಾಳ ಕಲಿತವಳು. ತಪ್ಪು ಹೇಳಿದರೆ ಮತ್ತೆ ಅಂಗೈಗೆ ಬೀಳುತ್ತದೆ ಎಂದು ಹೆದರಿ, ನಾಲಿಗೆಯನ್ನು ಸರಿಯಾದ ಜಾಗದಲ್ಲಿಟ್ಟು “ತಲ್ಲಿ” ಅಂದೆ. ಅವರು ಬರೆದುಕೊಂಡರು. ಅವ್ವ ಹೊರಗೆ ಜಗಲಿಯಲ್ಲಿದ್ದಳು, ಅವಳಿಗೆ ಕೇಳಲಿಲ್ಲ. ಅಪ್ಪ ಒಳಗೆ ಕಂಬಿಗಳ ಹಿಂದೆ ಕೂತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಂಡಿದ ಪ್ರಶ್ನೆ. ಅವ್ವ ರೈಟರ್‌ನ ಕಿವಿಯನ್ನು ಬೈದಾಗಲೆಲ್ಲ ನಾನು ತಲೆತಗ್ಗಿಸಿ ಊಟ ಮಾಡುತ್ತಿದ್ದೆ. ಅಪ್ಪನನ್ನು ಒಳಗೆ ಹಾಕಿಸಿದವಳು ನಾನು ಎಂದು ಒಂದು ದಿನವೂ ಬಾಯಿಬಿಡಲಿಲ್ಲ.

ಹಾಡಿನ ಮಾತಿನಲ್ಲಿ ಸುಳ್ಳು ಹೇಳಿದೆ, ತಾಳದಲ್ಲಿ ಹೇಳಲಾಗಲಿಲ್ಲ. ತೃಶ್ಶಿಲೇರಿಯಲ್ಲಿ ಕಾಳುಮೆಣಸು ತುಂಬಿಡುವ ಶೆಡ್ಡೊಂದರಲ್ಲಿ ನಮ್ಮ ಅಭ್ಯಾಸ ನಡೆಯುತ್ತಿತ್ತು. ಎರಡು ಏಟು ಡ್ರಮ್ಮಿನ ಅಂಚಿನ ಮೇಲೆ ಚುರುಕಾಗಿ, ಮೂರನೆಯದು ದೊಡ್ಡ ಡ್ರಮ್ಮಿನ ನಡುವೆ ಮೆತ್ತಗೆ ಬೀಳಬೇಕು ಎಂದು ಡ್ರಮ್ಮರನಿಗೆ ಹೇಳಿದೆ. ಅವನು ಬಾರಿಸಿದ್ದು ಯಾವುದೂ ನನಗೆ ಹಿಡಿಸಲಿಲ್ಲ. ಇನ್ನೂ ಮೆತ್ತಗೆ, ಇನ್ನೂ ಮೆತ್ತಗೆ ಎಂದು ಮೂರು ದಿನ ಅವನ ಪ್ರಾಣ ತಿಂದೆ.

“ಚೇಚೀ, ಈ ತಾಳ ಎಲ್ಲಿಂದ ಹಿಡಿದು ತಂದಿರಿ?” ಎಂದು ಕೇಳಿದ.

“ಬಾಯಿ ಮುಚ್ಚಿಕೊಂಡು ಬಾರಿಸು” ಅಂದೆ.

ಹಾಡು ಹೆಸರು ಮಾಡಿದ ಮೇಲೆ ಅದರ ವಿಡಿಯೋ ಆಗಬೇಕು, ಅದೂ ಮರಕ್ಕಡವಿನಲ್ಲೇ ಆಗಬೇಕು ಎಂದು ನಮ್ಮ ನಿರ್ದೇಶಕ ಪಟ್ಟು ಹಿಡಿದ. ಅಪ್ಪನಿಗೆ ಎಪ್ಪತ್ತೈದು ದಾಟಿತ್ತು. ಜೈಲಿನಿಂದ ಬಂದ ಮೇಲೆ ಅವನು ದೋಣಿ ಮುಟ್ಟಿರಲಿಲ್ಲ, ಮಾತೂ ಕಡಿಮೆ. ಶೂಟಿಂಗ್ ನೋಡಲು ನಾನೂ ಬರುತ್ತೇನೆ ಎಂದು ಅಂಗಿ ಹಾಕಿಕೊಂಡು ನಿಂತ. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ.

ಅಪ್ಪ ಹೊಳೆಯ ಪಕ್ಕ ಕಲ್ಲಿನ ಮೇಲೆ ಕೂತ. ನಟನೊಬ್ಬ ಇನ್ನೊಬ್ಬನ ಎದೆಗೆ ಕೈಯಿಟ್ಟು ತಳ್ಳಬೇಕು, ಅವನು ಕಾಲು ಜಾರಿ ಬೀಳಬೇಕು. ಒಂದು ಟೇಕು, ಎರಡು, ಆರು. ಪ್ರತಿ ಸಲವೂ ಸ್ಪೀಕರಿನಲ್ಲಿ ನನ್ನ ಹಾಡು: ಟಪ್, ಟಪ್, ಧಬ್, ಬರೀ ತಳ್ಳಿದ್ದು. ಏಳನೆಯ ಸಲಕ್ಕೆ ಅಪ್ಪ ಎದ್ದು ನೇರ ಕ್ಯಾಮೆರಾದ ಮುಂದೆ ಬಂದ.

“ಹಿಂಗಲ್ಲ ಕನ್ರಪ್ಪ” ಅಂದ.

ದೋಣಿಯಲ್ಲಿದ್ದ ಗಳ ಕಿತ್ತುಕೊಂಡು ದೋಣಿಯ ಅಂಚಿಗೆ ಬಾರಿಸಿದ. ನಟರಿಬ್ಬರೂ ಬೆದರಿ ನೀರಿಗೆ ಹಾರಿದರು. ಅಪ್ಪ ಮತ್ತೊಮ್ಮೆ ಬಾರಿಸಿದ. ಅವನ ಮುಖ ನೋಡಿದೆ. ಅದು ನಮ್ಮ ಮನೆಯ ಮೂಲೆಯಲ್ಲಿ ಸುಮ್ಮನೆ ಕೂರುವ ಮುದುಕನ ಮುಖವಾಗಿರಲಿಲ್ಲ. ಮೂರನೆಯ ಏಟಿಗೆ ಗಳ ಮುರಿಯಿತು. ಬಿದಿರಿನ ಸಿಬಿರು ಅವನ ಅಂಗೈಯೊಳಗೆ ಇಳಿದು, ರಕ್ತ ಮೊಣಕೈಯವರೆಗೆ ಹರಿಯಿತು.

ನಾನು ಓಡಿಹೋಗಿ ದುಪಟ್ಟಾ ಹರಿದು ಕೈಗೆ ಸುತ್ತಿದೆ. ಅಪ್ಪ ಕೈಯನ್ನು ನೋಡಲೇ ಇಲ್ಲ.

“ನಿನ್ನ ಡ್ರಮ್ಮಿನವ್ನು ಸರ್‍ಯಾಗೇ ಬಾರುಸ್ತಾವ್ನೆ. ನೀನೇ ತಪ್ಪು ಯೋಳ್ತಾ ಇದ್ದೀ.”

ನಾನು ಕೈಗೆ ಇನ್ನೊಂದು ಸುತ್ತು ಸುತ್ತಿದೆ.

“ಅವತ್ತು ಸ್ಟೇಷನ್ನಲ್ಲಿ ಸರ್‍ಯಾಗೇ ಯೋಳಿದ್ದೆಯಲ್ಲ ಮಗಾ. ಪಿನ್ನೆ ಈಗ್ಯಾಕೆ ಸುಳ್ಳು?”

ಕೇಳಿಸಿತ್ತು. ಅಷ್ಟು ವರ್ಷ ನನ್ನ ಕೈಯಿಂದ ಅನ್ನ ಹಾಕಿಸಿಕೊಂಡು ತಿಂದವನಿಗೆ ಎಲ್ಲ ಕೇಳಿಸಿತ್ತು. ಅಷ್ಟು ಜನರ ಎದುರು ನಾನು ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಅವನಿಗೆ ನನ್ನ ಅಳುವಿನ ಕಡೆ ಗಮನವಿರಲಿಲ್ಲ. ಗಲ್ಲದಿಂದ ಆಚೆ ದಡ ತೋರಿಸಿದ.

“ಅವ್ನ ಹೆಂಡ್ರು ಇನ್ನೂ ಅಲ್ಲೇ ಅವ್ಳೆ. ನೀನು ಹಾಡೋದು ಆ ಕಡೀಕೂ ಕೇಳ್ತದೆ. ಗಂಡ ಜಾರಿ ಬಿದ್ದು ಸತ್ತ ಅಂತ ದಿನಾ ಕೇಳ್ಬೇಕಾ ಅವ್ಳು? ನಡಿ, ಕರ್ಕೊಂಡೋಗು.”

ಅದೇ ದೋಣಿಯಲ್ಲಿ ದಾಟಿದೆವು. ಹುಟ್ಟು ಹಾಕಿದ್ದು ನಾನು. ಅಪ್ಪ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಿದ್ದ.

ಮಾವನ ಹೆಂಡತಿ ಅಂಗಳದಲ್ಲಿ ಕೂತು ಒಣಗಿದ ಹುರುಳಿ ಗಿಡಗಳನ್ನು ಕೋಲಿನಿಂದ ಬಡಿಯುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅವರನ್ನು ಅತ್ತೆ ಎನ್ನುತ್ತಿದ್ದೆ. ಆ ದಿನದ ಮೇಲೆ ನಾವು ಹೊಳೆ ದಾಟಿರಲಿಲ್ಲ. ನಮ್ಮನ್ನು ನೋಡಿ ಅವರ ಕೋಲು ನಿಂತಿತು. ಕೂತ್ಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅಪ್ಪ ಹುರುಳಿ ಹೊಟ್ಟಿನ ಆಚೆಗೇ ನಿಂತ.

“ನಾನು ತಳ್ಳನಿಲ್ಲ ಕನವ್ವ” ಅಂದ. “ಹೊಡ್ದೆ. ಮೂರು ಏಟು.”

ಕನ್ನಡದ ಆ ಮಾತನ್ನು ಯಾವ ಕಿವಿಯೂ ತಪ್ಪಾಗಿ ಕೇಳಲಾರದು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ನನಗೆ. ಹೇಳಬೇಕಾದದ್ದು ಹೇಳಿಯಾಯಿತು, ಇನ್ನು ಅವರು ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಅಂದುಕೊಂಡೆ.

ಅತ್ತೆ ಕೋಲನ್ನು ನೆಲಕ್ಕಿಟ್ಟರು.

“ನಾಕು” ಅಂದರು.

ಅಪ್ಪ ತಲೆಯೆತ್ತಿದ.

“ಹೆಣ ತೊಳ್ದೋಳು ನಾನು. ನಾಕು ಕಡೆ ಒಡ್ದಿತ್ತು. ನಾಕನೇದು ಹಿಂದ್ಗಡೆ, ಕತ್ತಿನ ಮೇಲೆ.”

ಕತ್ತಿನ ಮೇಲೆ. ಎಂದರೆ ಮಾವ ಬೋರಲು ಬಿದ್ದ ಮೇಲೆ. ನಾನು ಕಿವಿ ಮುಚ್ಚಿಕೊಂಡು ಓಡಿದ ಮೇಲೆ. ಅಪ್ಪ ಹೇಳಿದ ಲೆಕ್ಕ ಅವನದ್ದಾಗಿರಲಿಲ್ಲ, ನನ್ನದು. ನಾನು ಡ್ರಮ್ಮಿನಲ್ಲಿ ಹಾಕಿಸಿದ್ದಷ್ಟನ್ನೇ ಅವನು ಒಪ್ಪಿಕೊಂಡಿದ್ದ. ಅಪ್ಪನನ್ನು ಕಂಡು ನನಗೆ ಮೊದಲ ಬಾರಿಗೆ ಭಯವಾಯಿತು, ಆ ಭಯ ಈಗಲೂ ಪೂರ್ತಿ ಹೋಗಿಲ್ಲ.

“ಹೂಂ” ಅಂದ ಅಪ್ಪ, ನೆಲ ನೋಡುತ್ತ. “ನಾಕು.”

ಅತ್ತೆ ತಲೆಯಾಡಿಸಿದರು. ಕೋಲು ಎತ್ತಿಕೊಂಡು ಮತ್ತೆ ಹುರುಳಿ ಬಡಿಯತೊಡಗಿದರು. ನಾವು ಬಂದ ದಾರಿಯಲ್ಲೇ ವಾಪಸು ಹೊರಟೆವು, ಆ ಸದ್ದು ಹೊಳೆಯವರೆಗೂ ಕೇಳುತ್ತಿತ್ತು.

ನಟರು ತಳ್ಳಿ ಬೀಳಿಸಿದ ಆರೂ ಟೇಕುಗಳನ್ನು ನಿರ್ದೇಶಕನ ಎದುರೇ ಅಳಿಸಿಹಾಕಿಸಿದೆ. ಅಪ್ಪ ಬಾರಿಸುವಾಗ ಕ್ಯಾಮೆರಾ ಓಡುತ್ತಲೇ ಇತ್ತು. ಅದನ್ನು ಹಾಕಲೇ ಎಂದು ಅಪ್ಪನನ್ನು ಕೇಳಿದೆ, “ಬುಡು, ನೋಡ್ಲಿ” ಅಂದ. ನೀವು ನೋಡುವ ವಿಡಿಯೋ ಅದು. ಮುದುಕನ ನಟನೆ ಅದ್ಭುತ ಎಂದು ಬರೆಯುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಹಾಡಿನ ಹೆಸರು ‘ತಳ್ಳು’ ಎಂದೇ ಉಳಿದಿದೆ, ಆದರೆ ವೇದಿಕೆಯ ಮೇಲೆ ನಾನು ಈಗ ‘ಹೊಡೆದದ್ದು’ ಎಂದು ಹಾಡುತ್ತೇನೆ. ಜನ ನನ್ನ ದನಿಯನ್ನು ಮುಳುಗಿಸಿ ಹಳೆಯದನ್ನೇ ಕೂಗುತ್ತಾರೆ. ಡ್ರಮ್ಮರ್ ಮಾತ್ರ ನನ್ನ ಮಾತು ಕೇಳುತ್ತಾನೆ, ಟಪ್, ಟಪ್, ಧಬ್ ಆದ ಮೇಲೆ ಇನ್ನೊಂದು ಬಾರಿಸುತ್ತಾನೆ. ಅದು ತಾಳಕ್ಕೆ ಕೂರುವುದಿಲ್ಲ. ಕುಣಿಯುವವರ ಕಾಲು ಅಲ್ಲಿ ತಪ್ಪುತ್ತದೆ.