ಎಪ್ಪತ್ತೈದು ಕಿಲೋದ ಚೀಲ

ಗಾಡಿ ತುಂಬಿತ್ತು. ಕಾರಟಗಿ ಹತ್ತಿರದ ರೈತ ಮಹಿಳೆ ಶರಣಮ್ಮನವರ ಕಣದಲ್ಲಿ ಇನ್ನೂ ಭತ್ತದ ಚೀಲಗಳು ಉಳಿದಿದ್ದವು. ಮೇಲೆ ಮೋಡ.

“ಏನವಾ, ಇಷ್ಟ ಸಣ್ಣ ಗಾಡಿ ಕಳಿಸೀದಿ? ನಮ್ಮ ಚೀಲ ಎಪ್ಪತ್ತೈದು ಕಿಲೋ ಐತಿ ಅಂತ ನಿನ್ನ ಎಐಗೆ ಯಾರೂ ಹೇಳಿಲ್ಲೇನ?”

ಹೇಳಬೇಕಾದವಳು ನಾನೇ. ರೈಸ್‌ಮಿಲ್‌ಗಾಗಿ ಗಾಡಿ ಬುಕ್ ಮಾಡುವ ಎಐ ಏಜೆಂಟನ್ನು ರೂಪಿಸಿದವಳು ನಾನು. ಬುಕಿಂಗ್ ಟೂಲನ್ನು ಹೇಗೆ ಬಳಸಬೇಕೆಂದು ಅದು ಓದಿಕೊಳ್ಳುವ ವಿವರಣೆಯಲ್ಲಿ ‘ಚೀಲಗಳ ಸಂಖ್ಯೆ’ ಎಂದಷ್ಟೇ ಬರೆದಿದ್ದೆ. ಅದು ಚೀಲಕ್ಕೆ ಐವತ್ತು ಕಿಲೋ ಎಂದು ಊಹಿಸಿಕೊಂಡಿತ್ತು. ಇನ್ನೊಂದು ಗಾಡಿ ಕರೆಸಿ, ತಾಡಪತ್ರಿಯ ಮೇಲೆ ಕುಳಿತು ಆ ವಿವರಣೆಯನ್ನು ಅಲ್ಲೇ ತಿದ್ದಿದೆ: ‘ಇಲ್ಲಿ ಭತ್ತದ ಚೀಲವೆಂದರೆ ಎಪ್ಪತ್ತೈದು ಕಿಲೋ. ಬೇರೆ ಧಾನ್ಯವಾದರೆ ಚೀಲದ ತೂಕ ಕೇಳದೆ ಬುಕ್ ಮಾಡಬೇಡ.’

ಈಗ ಯಾವ ಟೂಲ್‌ಗೆ ವಿವರಣೆ ಬರೆದರೂ ಮೊದಲು ಶರಣಮ್ಮನವರಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಅವರು “ಹೂಂ, ತಿಳೀತು” ಅನ್ನುವವರೆಗೆ ಅದನ್ನು ಎಐಗೆ ಕೊಡುವುದಿಲ್ಲ.